ರತ್ನಮ್ಮನ ಮುಖದ ಹಿಟ್ಟು

ಅರ್ಧಂಬರ್ಧ ಕಲಿತ ವಿದ್ಯೆಯನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು ಎಂಬುದು ನನಗೆ ಈಗ ತಿಳಿದಿದೆ. ಪೂರ್ತಿ ಕಲಿತವರಿಗೆ ತಮ್ಮ ಮಿತಿ ಗೊತ್ತಿರುತ್ತದೆ. ಏನೂ ಬಾರದವರನ್ನು ಯಾರೂ ಕೇಳುವುದಿಲ್ಲ. ನಡುವೆ ಸಿಕ್ಕಿಕೊಂಡ ನನ್ನಂಥವರ ಮನೆಗೇ ಜನ ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. ವೃತ್ತಿಯಿಂದ ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ತಂತ್ರಾಂಶಕ್ಕೂ ನನಗೂ ನಂಟು ಬೆಳೆದದ್ದು ಚಾಮುಂಡಿ ಬೆಟ್ಟದ ದೆಸೆಯಿಂದ. ಅಲ್ಲಿ ನನ್ನ ಹೆಂಡತಿ ಸುಮಿತ್ರಳನ್ನು ನಿಲ್ಲಿಸಿ ಒಂದು ಫೋಟೊ ತೆಗೆದಿದ್ದೆ. ಹಿಂದೆ ಬಲೂನು ಮಾರುತ್ತಿದ್ದವನ ಕೋಲು ಅವಳ ನೆತ್ತಿಯಿಂದಲೇ ಮೊಳೆತು, ಬಣ್ಣಬಣ್ಣದ ಬಲೂನುಗಳು ಅವಳ ತಲೆಯಲ್ಲೇ ಅರಳಿದಂತೆ ಬಂದಿತ್ತು. "ಇದನ್ನ ತೆಗೀರಿ, ಇಲ್ಲಾಂದ್ರೆ ನನ್ನನ್ನೇ ತೆಗೀರಿ" ಎಂದಳು. ಎರಡನೆಯದು ಆಗದ ಮಾತಾದ್ದರಿಂದ ಕೋಲು ತೆಗೆಯುವುದನ್ನು ಕಲಿತೆ.

ಸುದ್ದಿ ಶ್ರೀರಾಂಪುರದ ನಮ್ಮ ಬಡಾವಣೆಯಲ್ಲಿ ಹಬ್ಬಿತು. ಎದುರುಮನೆಯವರ ಗೃಹಪ್ರವೇಶದ ಫೋಟೊದಿಂದ ಅವರ ಷಡ್ಡಕರನ್ನು ತೆಗೆದುಹಾಕಿದೆ. ಆಮೇಲೆ ಜಗಳ ರಾಜಿಯಾಯಿತೆಂದು ಅದೇ ಷಡ್ಡಕರನ್ನು ಮತ್ತೆ ಸೇರಿಸಿದೆ. ಸೇರಿಸುವಾಗ ಕಾಲಿನ ನೆರಳು ಹಾಕುವುದನ್ನು ಮರೆತದ್ದರಿಂದ ಅವರೊಬ್ಬರು ಮಾತ್ರ ನೆಲದಿಂದ ತುಸು ಮೇಲೆ ತೇಲುತ್ತಿದ್ದಾರೆ. ಷಡ್ಡಕರು ಅದನ್ನು ತಮಗೆ ಸಂದ ಮರ್ಯಾದೆ ಎಂದೇ ತಿಳಿದು ಫೋಟೊಗೆ ಚೌಕಟ್ಟು ಹಾಕಿಸಿದ್ದಾರೆ.

ಇಂಥ ಕೀರ್ತಿಯ ದಿನಗಳಲ್ಲಿ ಜಯಣ್ಣ ಬಂದರು. ಜಯಣ್ಣ ನಮ್ಮ ಬೀದಿಯವರೇ. ವಿಮಾ ಕಚೇರಿಯಲ್ಲಿ ಕೆಲಸ, ರಜೆ ಸಿಕ್ಕಾಗಲೆಲ್ಲ ಸಿನಿಮಾ. ಹಾಗೆ ರಜೆಗಳನ್ನು ಜೋಡಿಸಿಕೊಂಡೇ ಅವರು ಒಂದು ಚಿತ್ರವನ್ನು ನಿರ್ದೇಶಿಸಿ ಮುಗಿಸಿದ್ದರು. ಹೆಸರು 'ನುಣ್ಣಗೆ ಬೀಸಿ'. ಗಂಡ ತೀರಿಕೊಂಡ ಮೇಲೆ ಅವನ ಹಿಟ್ಟಿನ ಗಿರಣಿಯನ್ನು ತಾನೇ ನಡೆಸಲು ನಿಲ್ಲುವ ಹೆಂಗಸೊಬ್ಬಳ ಕಥೆ. ಆ ಪಾತ್ರ ಮಾಡಿದ್ದವರು ರತ್ನಮ್ಮ. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವವರು, ಹವ್ಯಾಸಿ ನಾಟಕಗಳಲ್ಲಿ ಮೊದಲಿನಿಂದಲೂ ಯಾರದೋ ತಾಯಿ, ಯಾರದೋ ಅತ್ತೆಯಾಗಿಯೇ ಬಂದು ಹೋಗುತ್ತಿದ್ದವರು. ಮೊದಲ ಬಾರಿಗೆ ಕಥೆ ಅವರದೇ ಆಗಿತ್ತು. ಊರಿನ ಚಿತ್ರಮಂದಿರವೊಂದರವರು ಬೆಳಗಿನ ಆಟ ಕೊಡಲು ಒಪ್ಪಿದ್ದರು. ಆದರೆ ಪೋಸ್ಟರ್ ನೋಡಿದ ಮೇಲೆಯೇ ಪಕ್ಕಾ ಮಾತು ಎಂದಿದ್ದರು.

"ನೀವೇ ಮಾಡಿಕೊಡ್ಬೇಕು ಸಾರ್. ನಮ್ಮೋರಲ್ಲಿ ಕಂಪ್ಯೂಟರ್ ಕಲೆ ಗೊತ್ತಿರೋರು ನೀವೊಬ್ರೇ" ಎಂದು ಜಯಣ್ಣ ಪೆನ್‌ಡ್ರೈವ್ ಕೈಗಿಟ್ಟರು. 'ಕಲೆ' ಎಂಬ ಮಾತು ಕೇಳಿದ ಮೇಲೆ ನನ್ನ ಬುದ್ಧಿ ಕೆಲಸ ಮಾಡಲಿಲ್ಲ. ಒಪ್ಪಿಕೊಂಡೆ.

ಪೆನ್‌ಡ್ರೈವಿನಲ್ಲಿ ಇದ್ದದ್ದು ಒಂದೇ ಫೋಟೊ. ಗಿರಣಿಯ ಬಾಗಿಲಲ್ಲಿ ರತ್ನಮ್ಮ ನಿಂತು ನೇರವಾಗಿ ನಮ್ಮನ್ನೇ ನೋಡುತ್ತಿದ್ದಾರೆ. ಆದರೆ ಫೋಟೊ ತೀರ ಧೂಳುಧೂಳಾಗಿತ್ತು. ಹಣೆ, ಹುಬ್ಬು, ರೆಪ್ಪೆ, ತೋಳು, ಎಲ್ಲೆಲ್ಲೂ ಬೆಳ್ಳನೆಯ ಚುಕ್ಕೆ. ಕ್ಯಾಮೆರಾದ ಗಾಜು ಒರೆಸದೆ ತೆಗೆದಿದ್ದಾರೆ, ಈ ಕಾಲದವರಿಗೆ ಶ್ರದ್ಧೆಯೇ ಇಲ್ಲ ಎಂದುಕೊಂಡು ಕೆಲಸ ಶುರುಮಾಡಿದೆ. ಕಾಲೇಜಿನಿಂದ ಬಂದು ಕಾಫಿ ಕುಡಿದು ಕೂತರೆ ಅಡುಗೆ ಆಗುವವರೆಗೆ ಒಂದೊಂದೇ ಚುಕ್ಕೆ ಹೆಕ್ಕುವುದು. ಅಕ್ಕಿಯಲ್ಲಿ ಕಲ್ಲು ಆರಿಸುವಾಗಲೂ ನಾನು ಅಷ್ಟು ತಾಳ್ಮೆ ತೋರಿದವನಲ್ಲ ಎಂದು ಸುಮಿತ್ರ ಹೇಳಿದಳು. ಹೇಗೂ ಕೈ ಹಾಕಿದ್ದೇನೆಂದು ಕಣ್ಣಿನ ಅಂಚಿನ ಸುಕ್ಕನ್ನೂ ತೆಗೆದೆ. ಕೆನ್ನೆಗೆ ತುಸು ಹೊಳಪು ಕೊಟ್ಟೆ. ಮುಗಿದಾಗ ರತ್ನಮ್ಮ ಸ್ನಾನದ ಸಾಬೂನಿನ ಜಾಹೀರಾತಿನಿಂದ ಈಗಷ್ಟೇ ಎದ್ದು ಬಂದವರಂತೆ ಕಾಣುತ್ತಿದ್ದರು. ತೃಪ್ತಿಯಿಂದ ಸೇವ್ ಗುಂಡಿ ಒತ್ತಿದೆ.

ಜಯಣ್ಣ ಬಂದು ಪರದೆಯ ಮುಂದೆ ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆನಂದಬಾಷ್ಪ ಇರಬೇಕು ಎಂದುಕೊಂಡೆ.

"ಸಾರ್, ಹಿಟ್ಟೆಲ್ಲಿ?"

"ಯಾವ ಹಿಟ್ಟು?"

"ಮುಖದ ಮೇಲಿತ್ತಲ್ಲ ಸಾರ್, ಹಿಟ್ಟು! ಗಿರಣಿ ನಡೆಸೋ ಹೆಂಗ್ಸಲ್ವಾ? ಬೆಳಗಿಂದ ನಿಲ್ಲಿಸಿ, ಜರಡಿ ಹಿಡಿದು ನಾನೇ ಉದುರಿಸಿದ್ದೆ."

ನಾನು ಧೂಳಿನ ವಿಚಾರ ಹೇಳಿದೆ. ಜಯಣ್ಣ ಕಣ್ಣು ಮುಚ್ಚಿಕೊಂಡರು. ಆಮೇಲೆ, "ಹೋಗ್ಲಿ ಬುಡಿ, ಹಳೇ ಫೋಟೊ ಇದೆಯಲ್ಲ" ಎಂದರು. ಹಳೆಯ ಫೋಟೊ ಇರಲಿಲ್ಲ. ಪೆನ್‌ಡ್ರೈವಿನಲ್ಲಿದ್ದುದನ್ನೇ ತೆರೆದು, ಅದನ್ನೇ ತೊಳೆದು, ಅದರ ಮೇಲೆಯೇ ಸೇವ್ ಮಾಡಿದ್ದೆ. ಛಾಯಾಗ್ರಾಹಕ ಮದುವೆಯೊಂದಕ್ಕೆ ಜಾಗ ಬೇಕೆಂದು ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿಬಿಟ್ಟಿದ್ದ. ಸಿನಿಮಾದಿಂದಲೇ ಒಂದು ದೃಶ್ಯ ತೆಗೆದರೆ, ಪೋಸ್ಟರಿನ ಅಳತೆಗೆ ಹಿಗ್ಗಿಸಿದ ಕೂಡಲೇ ಮುಖ ಚೌಕಚೌಕವಾಗಿ ಒಡೆಯಿತು. ಹೊಸದಾಗಿ ಫೋಟೊ ತೆಗೆಯೋಣವೆಂದರೆ, ಚಿತ್ರ ಮುಗಿದದ್ದೇ ರತ್ನಮ್ಮ ನಂಜನಗೂಡಿಗೆ ಹೋಗಿ ಹರಕೆಯ ಮುಡಿ ಕೊಟ್ಟು ಬಂದಿದ್ದರು.

ಈ ನಡುವೆ ನಿರ್ಮಾಪಕರು ಬಂದರು. ಅವರು ಜಯಣ್ಣನ ಭಾವಮೈದ ಪುಟ್ಟರಾಜು, ಸರಸ್ವತಿಪುರಂನಲ್ಲಿ ಸೀರೆ ಅಂಗಡಿ ಇಟ್ಟವರು. ಪರದೆ ನೋಡಿದ್ದೇ ಅವರ ಮುಖ ಅರಳಿತು. "ಭಾವ, ಹೀರೋಯಿನ್ ಅಂದ್ರೆ ಇದು ಕಣ್ರೀ! ಇಂಗೇ ಇರ್ಲಿ ಬುಡಿ. ಆ ಹಳೇ ಸೀರೆ ಒಂದು ಬದಲಾಯಿಸ್ಬುಡಿ ಸಾರ್. ನಮ್ಮಂಗಡೀಲಿ ಮೈಸೂರ್ ಸಿಲ್ಕ್ ಹೊಸ ಬಣ್ಣದ್ದು ಬಂದದೆ, ಫೋಟೊ ಕಳಿಸ್ತೀನಿ, ಉಡಿಸ್ಬುಡಿ."

"ಸಿಲ್ಕ್ ಸೀರೆ ಉಟ್ಕೊಂಡು ರಾಗಿ ಬೀಸ್ತಾಳೇನಯ್ಯಾ?" ಎಂದು ಜಯಣ್ಣ ಎದ್ದು ನಿಂತರು. ಭಾವ, ಭಾವಮೈದ ಇಬ್ಬರೂ ನಮ್ಮ ನಡುಮನೆಯಲ್ಲಿ ಎರಡು ಕಡೆಗೆ ಮುಖ ಮಾಡಿ ಕೂತರು. ಈ ಜಗಳದಲ್ಲಿ ಚಿತ್ರವೇ ನಿಂತುಹೋಗುವಂತಿತ್ತು. ಸುಮಿತ್ರ ಉಪ್ಪಿಟ್ಟು ಕೊಟ್ಟಳು. ಉಪ್ಪಿಟ್ಟನ್ನು ಮಾತ್ರ ಇಬ್ಬರೂ ಒಮ್ಮತದಿಂದ ತಿಂದರು. ಕೊನೆಗೆ, ಮುಖ ಯಾರದೋ ಅವರನ್ನೇ ಕೇಳಿಬಿಡಿ ಎಂದು ಅವಳೇ ದಾರಿ ತೋರಿದಳು.

ರತ್ನಮ್ಮ ಡ್ಯೂಟಿ ಮುಗಿಸಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದರು. ಬೋಳುತಲೆಯ ಮುಜುಗರವೇನೂ ಇರಲಿಲ್ಲ, ಕೂತೊಡನೆ ಸೆಕೆಯೆಂದು ಸ್ಕಾರ್ಫ್ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡರು. ಪರದೆಯನ್ನು ದಿಟ್ಟಿಸಿ ನೋಡಿದರು. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಚೆನ್ನಾಗಿದ್ದಾಳೆ ಸಾರ್ ಇವಳು" ಎಂದರು ಮೆಲ್ಲಗೆ. "ಆದ್ರೆ ಇವಳಿಗೆ ಗಿರಣಿ ನಡೆಸೋಕೆ ಬರಲ್ಲ."

ಪುಟ್ಟರಾಜು ಏನೋ ಹೇಳಲು ಬಾಯಿ ತೆರೆದರು. ರತ್ನಮ್ಮ ಅವರತ್ತ ತಿರುಗಿ, "ಅಣ್ಣಾ, ನಾಟಕದಲ್ಲಿ ಇಷ್ಟು ದಿನ ನನ್ನ ಮುಖಕ್ಕೆ ಯಾರೂ ಇಷ್ಟು ಲೈಟ್ ಹಾಕಿರಲಿಲ್ಲ. ಈಗ ಹಾಕಿದ್ದೀರಿ. ಅದರಲ್ಲಿ ನಾನೇ ಇರ್ಲಿ" ಎಂದರು. ಪುಟ್ಟರಾಜು ತೆರೆದ ಬಾಯಿಗೆ ನೀರು ಸುರಿದುಕೊಂಡರು. ಸೀರೆಯ ಮಾತು ಮತ್ತೆ ಬರಲಿಲ್ಲ.

ಇನ್ನು ಹಿಟ್ಟು ವಾಪಸು ತರುವ ಕೆಲಸ ನನ್ನ ತಲೆಗೆ ಬಂತು. ಕಂಪ್ಯೂಟರಿನ ಕುಂಚದಿಂದ ಬಿಳಿ ಚುಕ್ಕೆ ಇಟ್ಟು ನೋಡಿದೆ. ರತ್ನಮ್ಮನಿಗೆ ಸಿಡುಬು ಎದ್ದಂತೆ ಕಂಡಿತು. ಚುಕ್ಕೆ ಸಣ್ಣದು ಮಾಡಿದರೆ ತಲೆಯ ಹೊಟ್ಟು ಉದುರಿದಂತಿತ್ತು. ಸುಮಿತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಹಿಟ್ಟನ್ನ ಯಾಕೆ ಬರೀತೀರಿ? ಡಬ್ಬಿ ತುಂಬಾ ಇದೆಯಲ್ಲ. ಯಾರದಾದ್ರೂ ಮುಖಕ್ಕೆ ಹಾಕಿ, ಫೋಟೊ ತೆಗೆದು, ಅದನ್ನ ಕತ್ತರಿಸಿ ಅಂಟಿಸಿ" ಎಂದಳು. ನಾನು ಅವಳ ಮುಖ ನೋಡಿದೆ. "ನನ್ನ ಮುಖ ಅಂತ ಹೇಳಲಿಲ್ಲ" ಎಂದಳು.

ಹೀಗಾಗಿ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ಸ್ಟೂಲಿನ ಮೇಲೆ ಕೂತೆ. "ರಾಗಿ ಹಿಟ್ಟಾದ್ರೆ ಮಣ್ಣಲ್ಲಿ ಬಿದ್ದಂಗೆ ಕಾಣ್ತೀರ, ಗೋಧಿಯದೇ ಇರ್ಲಿ" ಎಂದು ಸುಮಿತ್ರ ಜರಡಿ ಆಡಿಸಿದಳು. ಮದುವೆಯಾದಾಗಿನಿಂದ ಅವಳು ಯಾವ ಕೆಲಸವನ್ನೂ ಅಷ್ಟು ಮನಸ್ಸಿಟ್ಟು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಫೋಟೊ ಅವಳೇ ತೆಗೆದಳು. ಸೀನು ತಡೆಯುವ ಪ್ರಯತ್ನದಲ್ಲಿ ನನ್ನ ಮುಖಕ್ಕೆ ಜೀವನದಲ್ಲಿ ಬಹಳ ಕಂಡವನ ಗಾಂಭೀರ್ಯ ಬಂದಿತ್ತು.

ಆಗ ಹೊಳೆದದ್ದು ಇನ್ನೊಂದು ಸಂಗತಿ. ಹಿಟ್ಟಿಗಿಂತ ಮುಂಚೆ ಸುಕ್ಕು ಬೇಕಿತ್ತು, ಅದನ್ನೂ ನಾನೇ ಅಳಿಸಿದ್ದೆ. ಹೆಂಡತಿಯ ಬಳಿ ಕಣ್ಣಿನ ಸುಕ್ಕು ಎರವಲು ಕೇಳುವುದು ಹೇಗೆ? ಅಂಥದ್ದೇನೂ ತನ್ನಲ್ಲಿಲ್ಲ ಎಂದು ಅವಳೂ, ಇದ್ದರೂ ನಾನು ನೋಡಿಲ್ಲ ಎಂದು ನಾನೂ, ವಿಷಯವನ್ನು ಅಲ್ಲಿಗೇ ಬಿಟ್ಟೆವು. ನನ್ನ ಕಣ್ಣಂಚಿನಲ್ಲಿ ಮಾತ್ರ ಬೇಕಾದಷ್ಟು ದಾಸ್ತಾನಿತ್ತು, ಹಿಟ್ಟು ಅದರೊಳಗೆ ಇಳಿದು ಚೆನ್ನಾಗಿಯೇ ಎದ್ದು ಕಾಣುತ್ತಿತ್ತು. ರತ್ನಮ್ಮ ಆ ದಿನವೆಲ್ಲ ಡ್ಯೂಟಿಯಲ್ಲಿದ್ದರು, ಪೋಸ್ಟರ್ ಮರುದಿನವೇ ಅಚ್ಚಿಗೆ ಹೋಗಬೇಕಿತ್ತು. ಫೋನ್ ಮಾಡಿ ಅವರ ಒಪ್ಪಿಗೆ ಕೇಳಿದೆ. ಅವರು ನಕ್ಕು, "ಹಾಕಿ ಸಾರ್. ನಿಮಗೂ ಸುಮ್ಮನೆ ಬಂದದ್ದಲ್ಲವಲ್ಲ ಅದು" ಎಂದರು. ಜಯಣ್ಣನಂತೂ, "ಯಾರದಾದ್ರೇನು ಸಾರ್, ಸುಕ್ಕು ಸುಕ್ಕೇ" ಎಂದುಬಿಟ್ಟರು.

ಪೋಸ್ಟರ್ ಆಯಿತು. ಚಿತ್ರಮಂದಿರದವರು ಒಪ್ಪಿದರು. ಮೊದಲ ದಿನ ಬೆಳಗಿನ ಆಟಕ್ಕೆ ನಾವಿಬ್ಬರೂ ಹೋದಾಗ ಹೊರಗೆ ಗೋಡೆಯ ಮೇಲೆ ರತ್ನಮ್ಮ ಆಳೆತ್ತರ ನಿಂತು, ಹಿಟ್ಟು ಮೆತ್ತಿದ ಮುಖದಲ್ಲಿ ಬೀದಿಯನ್ನೇ ನೋಡುತ್ತಿದ್ದರು. ಕಾಲೇಜಿನ ಹುಡುಗಿಯರಿಬ್ಬರು ಅದರ ಮುಂದೆ ನಿಂತಿದ್ದರು. ಒಬ್ಬಳು, "ಆ ಕಣ್ಣು ನೋಡೇ, ಹೆಣ್ಣಿನ ನೋವು ಹೆಂಗೆ ಕಾಣುತ್ತೆ" ಎಂದಳು. ನಾನು ಪಕ್ಕದಲ್ಲೇ ಅದೇ ಕಣ್ಣಂಚು ಹೊತ್ತು ನಿಂತಿದ್ದೆ. "ಸ್ವಲ್ಪ ಸರೀರಿ ಅಂಕಲ್, ಫೋಟೊ ತೆಗೀಬೇಕು" ಎಂದರು. ಸರಿದೆ. ಅಷ್ಟರಲ್ಲಿ ರತ್ನಮ್ಮ ಬಂದರು, ತಲೆಯಲ್ಲಿ ಆಗಷ್ಟೇ ಚಿಗುರುತ್ತಿದ್ದ ಕೂದಲು. ಹುಡುಗಿಯರು ಒಮ್ಮೆ ಪೋಸ್ಟರನ್ನು, ಒಮ್ಮೆ ಅವರನ್ನು ನೋಡಿ, ಗುರುತು ಹಿಡಿದು ಓಡಿಬಂದು ಕೈ ಹಿಡಿದುಕೊಂಡರು. ರತ್ನಮ್ಮನ ಕಣ್ಣು ತುಂಬಿತು. ಹತ್ತಿರದಿಂದ ನೋಡಿದರೆ ಅವರ ಸುಕ್ಕು ನನ್ನದಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಆಟ ಬಿಟ್ಟ ಮೇಲೆ ಪುಟ್ಟರಾಜು ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ಸುಕ್ಕಿನ ವ್ಯವಹಾರ ಯಾರೂ ಹೇಳಿರಲಿಲ್ಲ. ನನ್ನನ್ನೂ ಪೋಸ್ಟರನ್ನೂ ಎರಡೆರಡು ಸಲ ನೋಡಿ, "ಸಾರ್, ನೀವು ರತ್ನಮ್ಮೋರಿಗೆ ಸಂಬಂಧಾನಾ? ಕಣ್ಣು ಒಂದೇ ಥರ ಅವೆ" ಎಂದರು. ಸುಮಿತ್ರ, "ದೂರದ್ದು" ಎಂದಳು. "ಅದೇ ಅಂದ್ಕೊಂಡೆ! ಮುಂದಿನ ಸಿನಿಮಾದಲ್ಲೂ ಅವ್ರೇ. ಅವ್ರ ಅಣ್ಣನ ಪಾತ್ರ ಒಂದದೆ, ನೀವೇ ಮಾಡ್ಬೇಕು." ನನ್ನ ಎದೆ ಹಿಗ್ಗಿತು. ಕಾಲೇಜಿಗೆ ರಜೆ ಹಾಕಬೇಕಾಗುತ್ತದಲ್ಲ, ಮಾತುಗಳನ್ನು ಬಾಯಿಪಾಠ ಮಾಡಬೇಕಲ್ಲ ಎಂದು ಮರ್ಯಾದೆಗೆ ಎರಡು ಆಕ್ಷೇಪ ಎತ್ತಿದೆ. "ಏನೂ ಬೇಡ ಸಾರ್, ನೀವು ಬರೋದೂ ಬೇಡ. ಅಣ್ಣ ಕಥೆಗೆ ಮುಂಚೇನೇ ಸತ್ತೋಗಿರ್ತಾನೆ. ಗೋಡೆ ಮೇಲೆ ಹಾರ ಹಾಕಿರೋ ಫೋಟೊ ಅಷ್ಟೇ. ಒಂದು ಒಳ್ಳೇ ಫೋಟೊ ಕೊಡಿ" ಎಂದರು.

ಕೊಡುತ್ತೇನೆ ಎಂದಿದ್ದೇನೆ. ಅಂದಿನಿಂದ ಮನೆಯ ಆಲ್ಬಮ್ಮುಗಳನ್ನೆಲ್ಲ ಹುಡುಕುತ್ತಿದ್ದೇವೆ. ಇದ್ದುದರಲ್ಲಿ ನಾನು ಸ್ವಲ್ಪ ಮನುಷ್ಯನಂತೆ ಬಂದಿರುವುದು ಹಿಟ್ಟು ಸುರಿದುಕೊಂಡು ಕೂತದ್ದರಲ್ಲೇ ಎಂಬುದು ಸುಮಿತ್ರಳ ಅಭಿಪ್ರಾಯ.