ಅತ್ತಿಮರದ ಚಿಟ್ಟುಗಿಳಿ

ನಾನು ಮಾತು ಕಡಿಮೆ ಆಡುವವಳು. ಇದರ ಅಪಾಯವೆಂದರೆ, ಅಪರೂಪಕ್ಕೆ ಬಾಯಿ ತೆರೆದಾಗ ಅಕ್ಕೂರಿನಲ್ಲಿ ಎಲ್ಲರೂ ನಂಬಿಬಿಡುತ್ತಾರೆ!

ಹೊಸ ಕಾರ್ಖಾನೆಗೆಂದು ರಸ್ತೆ ಅಗಲ ಮಾಡುವವರು ದೊಡ್ಡಪ್ಪನ ಮನೆಯೆದುರಿನ ಅತ್ತಿಮರಕ್ಕೆ ಕೆಂಪು ಗುರುತು ಹಾಕಿ ಹೋದರು. ಹುಟ್ಟಿದಾಗಿನಿಂದ ಅದರ ನೆರಳಲ್ಲೇ ಕೂತಿದ್ದ ದೊಡ್ಡಪ್ಪ ಊಟ ಬಿಟ್ಟರು. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪದವೀಧರೆಯಾದ ನಾನು ಸುಮ್ಮನಿರಲಾದೀತೇ? ಅಂದು ಬೆಳಿಗ್ಗೆ ಮರದಲ್ಲಿ ಏನೋ ಹಸಿರಾಗಿ ಮಿಂಚಿತ್ತು. ಎಲೆಯೂ ಹಸಿರೇ ಎಂಬುದು ನನಗೆ ಹೊಳೆಯಲಿಲ್ಲ.

“ಅದು ಚಿಟ್ಟುಗಿಳಿ, ದೊಡ್ಡಪ್ಪ. ನಮ್ಮ ಕಡೆ ಬಲು ಅಪರೂಪ. ಬಾವಲಿ ಥರ ತಲೆಕೆಳಗಾಗಿ ಮಲಗುತ್ತೆ. ಫಾರೆಸ್ಟ್ ಆಫೀಸರ್ ನೋಡಿದ್ರೆ ಮರ ಉಳಿಯುತ್ತೆ.”

“ಹಂಗಾದ್ರೆ ಕರ್ಸವ್ವ!”

ಕರೆಸಿದೆ. ಅಧಿಕಾರಿ ಬಂದರು. ಗಿಳಿ ಬರಲಿಲ್ಲ.

ಕತ್ತೆತ್ತಿ ಕತ್ತು ಸೋತಾಗ ದೊಡ್ಡಮ್ಮ ನನ್ನನ್ನು ಚಿವುಟಿದರು: “ಅಗೋ, ಆ ಕೊಂಬೆ ನೋಡೇ!” ಹಸಿರು ಗಿಳಿ! ತಲೆಕೆಳಗಾಗಿ!

ನನ್ನ ಉಪನ್ಯಾಸ ಶುರುವಾಯಿತು. “ಸರ್, ಸಾಮಾನ್ಯ ಪಿಕಳಾರದ ಜೊತೆ ಹೋಲಿಸಿ. ಅದು ಬರೀ ಜುಟ್ಟಿನ ಹಾಡುಹಕ್ಕಿ, ಒಂದು ಗಳಿಗೆ ಸುಮ್ಮನಿರಲ್ಲ. ಈ ಗಿಳಿಯ ಗಾಂಭೀರ್ಯ ನೋಡಿ, ಅಲುಗಾಡುವುದೇ ಇಲ್ಲ!”

“ಉಸಿರೂ ಆಡ್ತಿಲ್ಲವಲ್ಲಮ್ಮ?”

“ಗಾಢ ನಿದ್ರೆ, ಸರ್.”

ಅಷ್ಟರಲ್ಲಿ ಒಂದು ಪಿಕಳಾರ ರೊಯ್ಯನೆ ಬಂದು ಗಿಳಿಯನ್ನು ಕುಟುಕಿತು. ಗಿಳಿ ದಾರದ ತುದಿಯಲ್ಲಿ ಗಿರ್ರನೆ ತಿರುಗಿತು. ಹೊಟ್ಟೆಯಡಿ ನಾಲ್ಕು ಚಕ್ರಗಳಿದ್ದವು!

“ದೊಡ್ಡಪ್ಪಾ!”

“ನೀನೇ ಅಂದ್ಯಲ್ಲವ್ವ, ತಲೆಕೆಳ್ಗೆ ಇರ್ತದೆ ಅಂತ. ನೆನ್ನೆಗಂಟ ಕಾದೆ, ಅದು ಬರ್ನಿಲ್ಲ. ಚನ್ನಪಟ್ಣದ ಬೊಂಬೆ ಅಂಗ್ಡೀಲಿ ತಂದು ಕಟ್ಬುಟ್ಟೆ. ಚಕ್ರ ಬಿಚ್ಚಾದು ಮರ್ತೋಯ್ತು!”

ಅಧಿಕಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಪಿಕಳಾರ ಹೋದ ಕಡೆ ನೋಡಿದರು. ನನ್ನ ನೆತ್ತಿಯ ಮೇಲೇ ಗೂಡು, ಒಳಗೆ ಬಾಯ್ದೆರೆದ ಮರಿಗಳು. ರಸ್ತೆಯವರಿಗೆ ಹೇಳಿಯೇ ಹೊರಟರು: “ಈ ಮರಿ ಹಾರೋವರೆಗೂ ಮರ ಮುಟ್ಟಬೇಡಿ.”

ದೊಡ್ಡಪ್ಪ ಅಂದು ಎರಡು ಮುದ್ದೆ ಉಂಡರು.

“ಅಷ್ಟು ಓದಿದೀಯ, ಒಸಿ ನೆತ್ತಿ ಮ್ಯಾಲೆ ನೋಡಕ್ಕಾಗ್ನಿಲ್ವೇನೇ?” ಎಂದರು ದೊಡ್ಡಮ್ಮ.

ಈಗ ನೋಡುತ್ತಿದ್ದೇನೆ. ದಿನವೂ ಮರದಡಿ ನಿಂತು, ಮರಿಗಳು ದಡ್ಡರಾಗಿರಲಿ, ಹಾರಲು ಕಲಿಯದಿರಲಿ ಎಂದು ಹಾರೈಸುವುದೇ ಈ ಪ್ರಾಣಿಶಾಸ್ತ್ರಜ್ಞೆಯ ಉದ್ಯೋಗ. ನಿನ್ನೆ ಒಂದು ಮರಿ ರೆಕ್ಕೆ ಬಡಿಯಿತು.

“ಏನವಸರ? ಮಲಗು!” ಎಂದು ಗದರಿದೆ.