ಒಂದು ಕೂದಲೆಳೆಯ ಅಲುಗಾಟ

ಚನ್ನಪಟ್ಟಣದ ಗೊಂಬೆಗಾರ ಅತೀಕ್‌ಗೆ ದುಂಡಗಿರುವುದನ್ನು ಕಂಡರೆ ಬೇಸರ ಹುಟ್ಟಿಬಿಟ್ಟಿತ್ತು. ಹುಟ್ಟದೆ ಇನ್ನೇನು? ಬುಗುರಿ, ಗಿಲಕಿ, ಗೊಂಬೆಯ ತಲೆ, ಗೊಂಬೆಯ ಹೊಟ್ಟೆ. ಲೇಥಿಗೆ ಯಾವ ಮರ ಕೊಟ್ಟರೂ ಅದು ದುಂಡಗೇ ಹೊರಬರುತ್ತದೆ. ಅವನಿಗೆ ಬೇಕಾಗಿದ್ದದ್ದು ಹಲ್ಲಿರುವ ಚಕ್ರಗಳು. ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಸರಿಯಾಗಿ ಕೂತು ತಿರುಗುವ ಗಡಿಯಾರವೊಂದನ್ನು ತನ್ನ ಕೈಯಾರೆ ಮಾಡಬೇಕೆಂಬ ಆಸೆ. ಅರದಲ್ಲಿ ಉಜ್ಜಿ ಮಾಡಿದ ಚಕ್ರಗಳು ಅರ್ಧ ಸುತ್ತು ತಿರುಗಿ, ಜಗಳವಾಡಿಕೊಂಡು ನಿಂತುಬಿಡುತ್ತಿದ್ದವು.

ಅದಕ್ಕೆ ಲೋಹವನ್ನು ಅಳತೆಗೆ ಸರಿಯಾಗಿ ಕೊಯ್ಯುವ ಮಿಲ್ಲಿಂಗ್ ಮೆಷಿನ್ನೇ ಆಗಬೇಕು. ಹಿತ್ತಲ ಕೋಣೆಯಲ್ಲಿ ಹಿಡಿಸಬೇಕು, ಕೂದಲೆಳೆಯಷ್ಟೂ ಅಲುಗಬಾರದು. ಅವನು ಫೋನಿನಲ್ಲಿ ಮೆಷಿನ್ ವಿಡಿಯೋ ನೋಡುತ್ತ ಕೂತರೆ ಹೆಂಡತಿ ಮುನ್ನೀ, ಮದುವೆಗೆ ಮುಂಚೆ ನನ್ನ ಫೋಟೋವನ್ನೂ ಇಷ್ಟು ಹೊತ್ತು ನೋಡಿರಲಿಲ್ಲವಲ್ಲ ಎನ್ನುತ್ತಿದ್ದಳು. ನಿಜವೇ ಆಗಿದ್ದರಿಂದ ಅವನು ಮುಂದಿನ ವಿಡಿಯೋ ಒತ್ತುತ್ತಿದ್ದ.

ರಾಮನಗರದ ಅಂಗಡಿಯಲ್ಲಿ ಹೊಸದೊಂದನ್ನು ನೋಡಿ ಬಂದಿದ್ದ. ಬಣ್ಣವೇನೋ ಥಳಥಳ, ಆದರೆ ಹಿಡಿ ತಿರುಗಿಸಿದರೆ ಕೊಯ್ಯುವ ತುಂಡನ್ನು ಕೂರಿಸುವ ಅದರ ಮೇಜು ಒಂದು ಗಳಿಗೆ ಯೋಚಿಸಿ ಆಮೇಲೆ ಹೊರಡುತ್ತಿತ್ತು. ಕನಕಪುರದ್ದು ಗಟ್ಟಿಯಾಗಿತ್ತು, ಅದನ್ನು ಒಳಗಿಡಬೇಕಾದರೆ ಮನೆಯವರು ಹೊರಗಿರಬೇಕಿತ್ತು. ಕೊನೆಗೆ ಸಿಕ್ಕ ಸುದ್ದಿ ಮಾಗಡಿಯದು. ಬೆಂಗಳೂರಿನ ಕಾರ್ಖಾನೆಯಿಂದ ನಿವೃತ್ತರಾದ ಮುನಿರಾಮಯ್ಯನವರು ಮನೆಯಲ್ಲೇ ಇಟ್ಟುಕೊಂಡಿದ್ದ ಮಿಲ್ಲಿಂಗ್ ಮೆಷಿನ್ ಮಾರುತ್ತಾರಂತೆ. ಕೇಳಿದ ಅಳತೆಯೂ ಹಿತ್ತಲ ಕೋಣೆಗೆ ಹೇಳಿ ಮಾಡಿಸಿದಂತಿತ್ತು.

ಅತೀಕ್ ಈ ಸಂಗತಿಯನ್ನು ಕೆಂಪರಾಜುಗೆ ಹೇಳಬಾರದಿತ್ತು. ಕೆಂಪರಾಜು ಕುದೂರಿನ ಕಡೆಯ ರೈತ, ಅತೀಕ್‌ಗೆ ಗೊಂಬೆಯ ಮರ ತಂದುಕೊಡುವವನು, ದನದ ವ್ಯಾಪಾರದಲ್ಲಿ ಪಳಗಿದವನು.

"ನೀನೊಬ್ನೇ ಹೋದ್ರೆ ಕೆಟ್ಟೆ ಕಣ್ಲಾ," ಎಂದ. "ಇಷ್ಟ ಆಯ್ತು ಅಂತ ಮಕದಲ್ಲಿ ತೋರುಸ್ಬಾರ್ದು. ಮೊದ್ಲು ಐಬು ಹೇಳ್ಬೇಕು. ಅದ್ನ ನಾನು ನೋಡ್ಕತೀನಿ, ನೀನು ಬಾಯ್ ಮುಚ್ಕಂಡಿರು."

"ಅದು ದನ ಅಲ್ಲ ಕೆಂಪಣ್ಣ, ಮೆಷಿನ್ನು."

"ಮಾರೋನು ಮನುಷ್ಯನೇ ತಾನೆ?"

ಪಕ್ಕದ ಮನೆಯ ಜಬ್ಬಾರ್ ರೇಷ್ಮೆಗೂಡು ಸಾಗಿಸುವ ತನ್ನ ಟೆಂಪೋ ಹೊರಡಿಸಿದ, ಮೆಷಿನ್ ಕಟ್ಟಲು ಹಗ್ಗವನ್ನೂ ಹಾಕಿಕೊಂಡ. ಮಾಗಡಿ ಮುಟ್ಟಿದಾಗ ಕೆಂಪರಾಜು ಟೆಂಪೋವನ್ನು ಎರಡು ಬೀದಿ ಆಚೆಗೇ ನಿಲ್ಲಿಸಲು ಹೇಳಿದ. ಹಗ್ಗ ಕಂಡರೆ ಆಸೆ ಗೊತ್ತಾಗಿಬಿಡುತ್ತದೆ ಎಂಬುದು ಅವನ ವಾದ.

ಮುನಿರಾಮಯ್ಯನವರು ಮುಸುಕು ತೆಗೆದರು. ಹಸಿರು ಮೆಷಿನ್ನು ಗಂಭೀರವಾಗಿ ನಿಂತಿತ್ತು. ಇದೇ, ಇನ್ನು ಬೇರೆ ಬೇಡ ಎಂದು ಅತೀಕ್‌ಗೆ ಅನ್ನಿಸಿತು. ಸವರಲು ಕೈ ಚಾಚಿದ, ಕೆಂಪರಾಜು ಅವನ ಕಾಲು ತುಳಿದ.

"ವಯಸ್ಸಾಗೈತೆ," ಎಂದು ಕೆಂಪರಾಜು ಶುರುಮಾಡಿದ.

"ಎಣ್ಣೆ ವಾಸ್ನೆ ಬೇರೆ," ಎಂದು ಜಬ್ಬಾರ್ ತನ್ನ ಕೈಲಾದ ಸಹಾಯ ಮಾಡಿದ.

ಮುನಿರಾಮಯ್ಯನವರ ಮುಖ ಸಣ್ಣಗಾಯಿತು. ಕೆಂಪರಾಜು ಎತ್ತಿನ ಕೊಂಬು ಹಿಡಿದಂತೆ ಮೇಜಿನ ತುದಿ ಹಿಡಿದು ಜಗ್ಗಿದ. "ಅಲ್ಲಾಡ್ತದಲ್ಲ ಸಾಮಿ."

"ಅಲ್ಲಾಡೋದು ನನ್ನ ಕೈ ಕಣಯ್ಯ," ಎಂದರು ಮುನಿರಾಮಯ್ಯ. "ಜ್ವರ ಬಂದು ಮಲಗಿ ಎದ್ದಾಗಿಂದ ಏನು ಮಾಡಿದ್ರೂ ಅಳತೆ ತಪ್ಪುತ್ತೆ. ಕೈ ಹೋಯ್ತು ಅಂತಾನೇ ಮಾರ್ತಿರೋದು. ಅದರ ಮೇಲೆ ಮಾತ್ರ ತಪ್ಪು ಹೊರಿಸಬೇಡ."

ಮೆಷಿನ್ ಅಲ್ಲಾಡುತ್ತದೆಂಬುದು ಸುಳ್ಳೆಂದು ತೋರಿಸಲು ಅವರೇ, ಕೂದಲೆಳೆಯ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಗಡಿಯಾರದಂಥ ಡಯಲ್ ಗೇಜನ್ನು ಮೇಜಿಗೆ ತಾಗಿಸಿಟ್ಟರು. ಕೆಂಪರಾಜು ಮತ್ತೆ ಜಗ್ಗಿದ. ಮುಳ್ಳು ಸರಿಯಿತು. ಬಾಯಿಗೆ ಬಂದಂತೆ ಹೇಳಿದ ಐಬು ನಿಜವಾಗಿಬಿಟ್ಟದ್ದು ನೋಡಿ ಕೆಂಪರಾಜುವೇ ಬೆಪ್ಪಾದ. ಮರುಕ್ಷಣ ಸುಧಾರಿಸಿಕೊಂಡು ಅತೀಕ್‌ಗೆ ಕಣ್ಣು ಹೊಡೆದ. ಇನ್ನೇನು, ಅರ್ಧ ಬೆಲೆಗೆ ಬರುತ್ತದೆ.

ಅತೀಕ್ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅಷ್ಟು ಚೆಂದದ ಮೆಷಿನ್ನು ಅಲುಗುವುದನ್ನು ಅವನಿಂದ ನೋಡಲಾಗಲಿಲ್ಲ. ಮಂಡಿಯೂರಿ ಮೇಜಿನ ಅಡಿಯಲ್ಲಿ ಬೆರಳಾಡಿಸಿದ.

"ಸಾರ್, ಮೇಜ್ನ ಹಿಡ್ಕಳ್ಳೋ ಪಕ್ಕದ ಪಟ್ಟಿಯ ಸ್ಕ್ರೂ ಸಡಿಲ ಆಗೈತೆ. ಒಸಿ ಬಿಗಿ ಮಾಡಿದ್ರೆ ಸರಿಹೋಗ್ತದೆ."

ಮುನಿರಾಮಯ್ಯನವರು ಬಗ್ಗಿ ನೋಡಿದರು. ಇಷ್ಟು ದಿನ ಕೈಯನ್ನೇ ಅನುಮಾನಿಸುತ್ತಿದ್ದವರಿಗೆ ಸ್ಕ್ರೂ ಮುಟ್ಟಿ ನೋಡಬೇಕೆಂದು ತೋಚಿರಲಿಲ್ಲ. ಬಿಗಿ ಮಾಡಿದರು. ಈ ಸಲ ಕೆಂಪರಾಜುವಿನ ಜೊತೆ ಜಬ್ಬಾರನೂ ಸೇರಿ ಜಗ್ಗಿದರೂ ಮುಳ್ಳು ಕದಲಲಿಲ್ಲ.

"ಒಂದು ಚಕ್ರ ಕೊಯ್ದು ನೋಡೋಣ," ಎಂದರು ಮುದುಕರು. ಹಿತ್ತಾಳೆಯ ಬಿಲ್ಲೆ ಕೂರಿಸಿ, ಹಿಡಿಯನ್ನು ಅತೀಕ್‌ನ ಕೈಗೆ ಕೊಟ್ಟರು. ಮೊದಲ ಹಲ್ಲು ಬೆಣ್ಣೆ ಕೊಯ್ದಂತೆ ಮೂಡಿತು. ಎರಡನೆಯದಕ್ಕೆ ಮುದುಕರ ಕೈಯೂ ಹಿಡಿಯ ಮೇಲಿತ್ತು, ಅದಾದ ಮೇಲೆ ಅವರದೊಂದೇ ಇತ್ತು. ಚಕ್ರ ಮುಗಿದಾಗ ಅಳತೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಚಕ್ರವನ್ನು ಅತೀಕ್‌ನ ಅಂಗೈಗೆ ಹಾಕಿ, ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನಿಂತರು. ಕೈ ನಡುಗುತ್ತಿರಲಿಲ್ಲ.

"ಮೆಷಿನ್ ಮಾರಲ್ಲ ಕಣಪ್ಪ," ಎಂದರು.

"ಸಾರ್, ಹಂಗನ್ಬೇಡಿ ಸಾರ್. ಇಂಥದ್ದಕ್ಕೆ ಎಷ್ಟೊಂದು ಕಾಲದಿಂದ ಕಾಯ್ತಾ ಇದ್ದೆ."

"ನಾನೂ ಅಷ್ಟೇ," ಎಂದರು ಮುನಿರಾಮಯ್ಯ.

ಕೆಂಪರಾಜು ಅತೀಕ್‌ನ ತೋಳು ಹಿಡಿದು ಬಾಗಿಲಿಗೆ ಎಳೆದ.

"ಬಾಯ್ ಮುಚ್ಕಂಡಿರು ಅಂದಿರ್ಲಿಲ್ವೇನ್ಲಾ?"

"ಅಲ್ಲಾಡ್ತಿತ್ತಲ್ಲ ಅಣ್ಣ. ಹೆಂಗೆ ಸುಮ್ಕಿರ್ಲಿ?"

ಹೊಸಿಲು ದಾಟುವಾಗ ಅತೀಕ್ ಮುಷ್ಟಿಯೊಳಗಿನ ಚಕ್ರವನ್ನು ಬೆರಳಿನಿಂದ ಸವರಿದ. ಹಲ್ಲುಗಳೆಲ್ಲ ಒಂದೇ ಸಮ ಇದ್ದವು. ಇದಾದರೂ ಸಿಕ್ಕಿತಲ್ಲ ಅಂದುಕೊಂಡ.

"ಒಂದ್ನಿಮಿಷ," ಎಂದು ಮುನಿರಾಮಯ್ಯನವರು ಒಳಗಿಂದ ಕೂಗಿದರು. "ಆ ಚಕ್ರ ಇಲ್ಲೇ ಇಟ್ಟು ಹೋಗಪ್ಪ. ನಾಳೆ ಅದಕ್ಕೊಂದು ಜೋಡಿ ಮಾಡ್ಬೇಕು."

ಅತೀಕ್ ವಾಪಸ್ಸು ಹೋಗಿ ಅದನ್ನು ಮೇಜಿನ ಮೇಲಿಟ್ಟ.