ಜನರಲ್ ಸಾಹೇಬರ ಅನಾರೋಗ್ಯ

ದ್ವೀಪದೇಶ ತೊಂಗಾದಲ್ಲಿ ಗಂಡಸಾಗಿ ಹುಟ್ಟಿದ್ದಕ್ಕೆ ಏನು ಸಿಗುತ್ತದೆ ಎಂದು ಕೇಳಿದರೆ ಮನಾಸೆ ಬೆರಳು ಮಡಚಿ ಹೇಳುತ್ತಿದ್ದ: "ಬೆನ್ನುನೋವು, ಅಂಗೈಯಲ್ಲಿ ಬೊಬ್ಬೆ, ಮತ್ತೆ ಒಬ್ಬಳು ಅಕ್ಕ."

ಮೊದಲಿನ ಎರಡನ್ನು ಅವನು ಸಹಿಸಿಕೊಂಡಿದ್ದ. ಮೂರನೆಯದರ ಹೆಸರು ಲಾವಿನಿಯಾ.

ಅವನ ತಕರಾರು ಸಣ್ಣದೇನಲ್ಲ. ಬಿಸಿಲಲ್ಲಿ ಗೆಣಸು ಅಗೆಯುವವನು ಗಂಡಸು. ಗುಂಡಿ ತೋಡಿ, ಕಲ್ಲು ಕಾಯಿಸಿ, ನೆಲದೊಲೆಯಲ್ಲಿ ಊರಿಗೆಲ್ಲ ಅಡುಗೆ ಬೇಯಿಸುವವನೂ ಗಂಡಸೇ. ಹೆಂಗಸರು ನೆರಳಲ್ಲಿ ಕೂತು ಕೇದಗೆ ಗರಿಯ ಚಾಪೆ ಹೆಣೆಯುತ್ತ ನಗುತ್ತಾರೆ (ಯಾರನ್ನು ನೆನೆದು ನಗುತ್ತಾರೆ ಎನ್ನುವುದು ಗಂಡಸರಿಗೆಲ್ಲ ಗೊತ್ತು). ಕಡೆಗೆ ಸಮಾರಂಭದ ದಿನ ಯಜಮಾನನ ಅಕ್ಕ ಬಂದು ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಕೂರುತ್ತಾಳೆ. ಅತ್ಯುತ್ತಮ ಚಾಪೆ ಅವಳಿಗೆ, ಎಲ್ಲಕ್ಕಿಂತ ದೊಡ್ಡ ಹಂದಿ ಅವಳಿಗೆ. ಯಾಕೆ? ಅವಳು ಅಕ್ಕ, ಅದಕ್ಕೆ. ಮನಾಸೆಯ ಮದುವೆಯಲ್ಲಿ ಒಂದು ಹಂದಿ ಹೋಯಿತು, ಅಪ್ಪನ ಸಾವಿನಲ್ಲಿ ಎರಡು ಹೋದವು. ಮಗಳು ಹುಟ್ಟಿದಾಗ ಲಾವಿನಿಯಾ ಒಂದು ಹಂದಿ ಒಯ್ದದ್ದಲ್ಲದೆ, "ಹೆಪಿಸಿಪಾ ಅಂತ ಹೆಸರಿಡು" ಎಂದು ಅಪ್ಪಣೆಯನ್ನೂ ಕೊಟ್ಟು ಹೋಗಿದ್ದಳು.

ಈಗ ಹೆಪಿಸಿಪಾಗೆ ಒಂದು ವರ್ಷ ತುಂಬುತ್ತಿತ್ತು. ಶನಿವಾರ ಹುಟ್ಟುಹಬ್ಬದ ಊಟ. ಕೊಟ್ಟಿಗೆಯಲ್ಲಿ ಜನರಲ್ ಇದ್ದ.

ಜನರಲ್ ಎಂದರೆ ಮನಾಸೆಯ ಗಂಡು ಹಂದಿ. ಎರಡು ವರ್ಷ ಕೈಯಾರೆ ತೆಂಗಿನಕಾಯಿ, ಮರಗೆಣಸು ತಿನ್ನಿಸಿ ಬೆಳೆಸಿದ್ದು. ಮುಂದಿನ ತಿಂಗಳ ಕೃಷಿ ಪ್ರದರ್ಶನದಲ್ಲಿ ಅದರ ಹಗ್ಗ ಹಿಡಿದು ಮಹಾರಾಜರ ಮುಂದೆ ನಡೆಯಬೇಕು, ಮೊದಲ ಬಹುಮಾನದ ನೀಲಿ ರಿಬ್ಬನ್ನು ಗೆಲ್ಲಬೇಕು ಎನ್ನುವುದೊಂದೇ ಮನಾಸೆಯ ಜೀವನದ ಆಸೆ.

"ದೇವರು ಗಂಡಸಿಗೆ ಈ ಅಗಲ ಭುಜ ಯಾಕೆ ಕೊಟ್ಟ ಹೇಳೇ!" ಎಂದು ಅವನು ಹೆಂಡತಿ ಮೆಲೆನೈತೆಯ ಮುಂದೆ ಅಬ್ಬರಿಸಿದ. "ಆಳೋಕೆ! ಸೃಷ್ಟೀಲೇ ಗಂಡು ದೊಡ್ಡದು. ನೋಡು ಜನರಲ್‌ನ, ಕತ್ತು ನೋಡು, ಕೋರೆ ನೋಡು!"

ಮೆಲೆನೈತೆ ಹೆಣೆಯುವ ಗರಿಯಿಂದ ಕಣ್ಣು ಎತ್ತಲಿಲ್ಲ. "ನೋಡ್ತಾನೇ ಇದೀನಿ, ಎರಡು ವರ್ಷದಿಂದ. ತಿನ್ನೋದು, ಮಲಗೋದು, ಗುರುಗುಟ್ಟೋದು. ಪಕ್ಕದಲ್ಲಿರೋ ಹೆಣ್ಣುಹಂದಿ ಎಂಟು ಮರಿ ಹಾಕಿ ಹಾಲು ಕೊಡ್ತಾ ಇದೆ. ಅದಕ್ಕೆ ನೀವು ಒಂದು ಹೆಸರೂ ಇಟ್ಟಿಲ್ಲ."

"ಮರಿ ಹಾಕೋದೇನು ಮಹಾ!"

"ಹಾಕಿ ನೋಡಿ, ಆಮೇಲೆ ಹೇಳಿ."

ಮನಾಸೆ ಬಾಗಿಲನ್ನು ದಡಾರನೆ ಹಾಕಿಕೊಂಡು ಹೊರಗೆ ಹೋದ. ಹೋದವನಿಗೆ ಕೊಟ್ಟಿಗೆಯ ಬೇಲಿ ಹಿಡಿದು ನಿಂತಾಗ ಒಂದು ದಿವ್ಯವಾದ ಉಪಾಯ ಹೊಳೆಯಿತು.

ಮೆಲೆನೈತೆಯ ತಮ್ಮ ಕೆಪು ಪಕ್ಕದೂರಿನಲ್ಲಿದ್ದ. ಹಬ್ಬ ಮುಗಿಯುವ ತನಕ ಜನರಲ್‌ನನ್ನು ಅವನ ಕೊಟ್ಟಿಗೆಯಲ್ಲಿ ಅಡಗಿಸಿದರೆ? ಅಕ್ಕನ ಮುಂದೆ ಕುಂಟುಗಾಲಿನ ಸಣಕಲು ಹಂದಿಯನ್ನು ಬೇಯಿಸಿ ಇಟ್ಟರೆ? ಹಬ್ಬಕ್ಕೆ ಬೇಯಿಸಿದ್ದರಲ್ಲಿ ದೊಡ್ಡದು ಅದೇ ಆದರೆ ಪದ್ಧತಿಯೂ ಉಳಿಯಿತು, ಜನರಲ್ಲೂ ಉಳಿದ!

ಊರೊಳಗಿನ ದಾರಿಯಲ್ಲಿ ಲಾವಿನಿಯಾಳ ಮನೆ ಅಡ್ಡ ಬರುತ್ತದೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಸಮುದ್ರ ಇಳಿದಿದ್ದ ಹೊತ್ತಿನಲ್ಲಿ ಮನಾಸೆ ದಂಡೆಯ ಮೇಲೆ ಹಂದಿ ಹೊಡೆದುಕೊಂಡು ಹೊರಟ. ಆದರೆ ನೀರು ಇಳಿದಾಗ ತೊಂಗಾದ ಹಂದಿಗಳು ಮಾಡುವ ಕೆಲಸವೇ ಬೇರೆ. ಜನರಲ್ ಮೊಣಕಾಲು ಮಟ್ಟದ ನೀರಿಗೆ ನುಗ್ಗಿ, ಮೂತಿಯಿಂದ ಮರಳು ಕೆದಕಿ, ಚಿಪ್ಪು ಒಡೆದು ಒಳಗಿನದನ್ನು ಚಪ್ಪರಿಸತೊಡಗಿತು. ಮನಾಸೆ ಹಗ್ಗ ಎಳೆದ, ಬೈದ, ಬೇಡಿಕೊಂಡ, ಹಿಂದಿನಿಂದ ನೂಕಿದ. ಅಗಲ ಭುಜಗಳೆರಡೂ ಸೋತವು. ಅರ್ಧ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು.

ಕೆಪು ಹಂದಿಯನ್ನೂ ಭಾವನನ್ನೂ ನೋಡಿದ. ಇಬ್ಬರೂ ಒದ್ದೆ.

"ಯಾರಿಗೂ ಬಾಯಿಬಿಡಬೇಡ ಕೆಪು. ಗಂಡಸರು ಒಬ್ಬರಿಗೊಬ್ಬರು ಆಗಬೇಕು."

"ನನ್ನ ಬಾಯಿಂದ ಒಂದು ಮಾತು ಬರಲ್ಲ ಭಾವ. ಆದ್ರೆ ನಮ್ಮಕ್ಕ ಕೇಳಿದ್ರೆ..."

"ನಿಮ್ಮಕ್ಕ ನನ್ನ ಹೆಂಡತಿ! ಅವಳನ್ನ ನಾನು ನೋಡ್ಕೋತೀನಿ."

ಕೆಪು ಹಗ್ಗ ಇಸಿದುಕೊಂಡು ಜನರಲ್‌ನನ್ನು ಕೊಟ್ಟಿಗೆಯಲ್ಲಿ ಕಟ್ಟಿದ. ಮನಾಸೆಯ ಸಿಟ್ಟು ಅವನಿಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಅಂಗಳದ ತುಂಬ ಜನ. ಲಾವಿನಿಯಾ ಹೊಸ ಚಾಪೆಗಳ ರಾಶಿಯ ಮೇಲೆ ಗೋಪುರದಂತೆ ಕೂತಿದ್ದಳು. ಊರನ್ನೇ ಗದರಿಸುವ ಮನಾಸೆ ಅಕ್ಕನೆದುರು ಮಾತ್ರ ಗೌರವಕ್ಕೆಂದು ಸೊಂಟಕ್ಕೆ ಸುತ್ತಿದ ಚಾಪೆ ಸರಿಮಾಡಿಕೊಂಡು, ತಲೆ ತಗ್ಗಿಸಿ, ಹಾಲುಗಲ್ಲದ ಕೂಸಿನ ದನಿಯಲ್ಲಿ ಮಾತಾಡಬೇಕು. ಅಕ್ಕನ ಮುಂದೆ ಬೈಗುಳ ಹಾಗಿರಲಿ, ತಮಾಷೆಯೂ ಆಡುವಂತಿಲ್ಲ.

ಸಣಕಲು ಹಂದಿ ಬಂತು. ದೊಡ್ಡ ಬಾಳೆಲೆಯ ಮೇಲೆ ಅದು ಇನ್ನೂ ಸಣ್ಣದಾಗಿ ಕಂಡಿತು. ನೆರೆದವರು ಕೆಮ್ಮಿದರು. ಲಾವಿನಿಯಾ ಅದನ್ನು ಮೂತಿಯಿಂದ ಬಾಲದವರೆಗೆ ನೋಡಿದಳು (ಹೆಚ್ಚು ಹೊತ್ತು ಬೇಕಾಗಲಿಲ್ಲ).

"ಮನಾಸೆ, ಜನರಲ್ ಎಲ್ಲಪ್ಪ?"

ಅಕ್ಕನಿಗೆ ಸುಳ್ಳು ಹೇಳಬಾರದು. ಮನಾಸೆ ಸೊಂಟದ ಚಾಪೆಯನ್ನು ಇನ್ನೊಮ್ಮೆ ಸರಿಮಾಡಿಕೊಂಡ. "ಅದಕ್ಕೆ... ಹುಷಾರಿಲ್ಲ ಅಕ್ಕಾ. ತುಂಬಾನೇ ಹುಷಾರಿಲ್ಲ. ಉಳಿಯೋದೇ ಅನುಮಾನ."

"ಅಯ್ಯೋ ನನ್ನ ತಮ್ಮಾ! ಎರಡು ವರ್ಷ ಸಾಕಿದೀಯ!" ಲಾವಿನಿಯಾಳ ಕಣ್ಣಲ್ಲಿ ನಿಜವಾಗಿಯೂ ನೀರು. "ಎಲ್ಲರೂ ಕಣ್ಣು ಮುಚ್ಚಿ. ಪ್ರಾರ್ಥನೆ ಮಾಡೋಣ."

ಲಾವಿನಿಯಾಳ ಪ್ರಾರ್ಥನೆ ಇಡೀ ದ್ವೀಪದಲ್ಲಿ ಹೆಸರುವಾಸಿ. ಸೃಷ್ಟಿಯ ಮೊದಲ ದಿನದಿಂದ ಆರಂಭಿಸಿ, ನೋಹನ ನಾವೆ ಹತ್ತಿದ ಹಂದಿಗಳ ಜೋಡಿಗೆ ಬಂದು, ಜನರಲ್‌ನ ಹೊಟ್ಟೆ, ಕರುಳು, ನಾಲ್ಕು ಗೊರಸುಗಳ ಹೆಸರೆತ್ತಿ ಬೇಡಿದಳು. ಮುದುಕಿಯರು ಬಿಕ್ಕಿದರು. ಗೆಣಸು ಆರಿ ತಣ್ಣಗಾಯಿತು. ಮನಾಸೆ ಕಣ್ಣು ಮುಚ್ಚಿಕೊಂಡೇ ಮೀಸೆಯಡಿ ನಕ್ಕ. ಗೆದ್ದೆ!

"ಆಮೆನ್," ಎಂದಳು ಲಾವಿನಿಯಾ.

"ಗುರ್‌ರ್," ಎಂದಿತು ಬೇಲಿಯಾಚೆಯಿಂದ ಇನ್ನೊಂದು ದನಿ.

ಎಲ್ಲರೂ ಕಣ್ಣು ಬಿಟ್ಟರು. ಕೆಪು ಹಗ್ಗ ಹಿಡಿದು ಬರುತ್ತಿದ್ದ. ಹಗ್ಗದ ಇನ್ನೊಂದು ತುದಿಯಲ್ಲಿ, ಮಿರಮಿರ ಮಿಂಚುತ್ತ, ಕೊರಳಲ್ಲಿ ಹೂಮಾಲೆ ಧರಿಸಿ, ಜನರಲ್!

"ಎದ್ದುಬಿಟ್ಟ!" ಎಂದು ಮುದುಕಿಯೊಬ್ಬಳು ಕೂಗಿದಳು. ಇನ್ನೊಬ್ಬಳು ಮೊಣಕಾಲೂರಿದಳು.

ಮನಾಸೆ ಕೆಪುವಿನ ಕಿವಿಯ ಬಳಿ ಬಾಗಿ, ತುಟಿ ಅಲ್ಲಾಡಿಸದೆ ಗುಡುಗಿದ. "ದ್ರೋಹೀ! ಯಾರೋ ತರೋಕೆ ಹೇಳಿದ್ದು?"

"ಬೆಳಿಗ್ಗೆ ನೀವು ಒಲೆಗೆ ಕಲ್ಲು ಜೋಡಿಸ್ತಿದ್ದಾಗ, ಜನರಲ್ ಕಾಣ್ತಿಲ್ಲ ಅಂತ ನಮ್ಮಕ್ಕ ಬಂದಿದ್ಲು ಭಾವ. ಕೊಟ್ಟಿಗೆ ನೋಡಿದ್ಲು, ಈ ಹಂದಿ ನಂಗೆ ಬೇಕು ಅಂದ್ಲು. ನಿಮಗೊಬ್ಬರಿಗೇ ಅಕ್ಕ ಇರೋದಾ? ನಂಗೂ ಇಲ್ವಾ? ನನ್ನ ಕೊಟ್ಟಿಗೇಲಿ ನಿಂತಿರೋದನ್ನ ಅಕ್ಕ ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ?"

ಮನಾಸೆಗೆ ಗಕ್ಕನೆ ಹೊಳೆಯಿತು. ತನ್ನ ಮನೆಯಲ್ಲಿ ಹೆಂಡತಿಯಾಗಿರುವ ಮೆಲೆನೈತೆ ತಮ್ಮನ ಮನೆಯಲ್ಲಿ ಲಾವಿನಿಯಾ! ಇಡೀ ದ್ವೀಪದಲ್ಲಿ ಹಂದಿ ಅಡಗಿಸಬಾರದ ಜಾಗ ಒಂದೇ ಒಂದಿತ್ತು. ಅವನು ಮೂರು ಗಂಟೆ ಒದ್ದಾಡಿ ಸರಿಯಾಗಿ ಅಲ್ಲಿಗೇ ಕೊಂಡೊಯ್ದಿದ್ದ.

ಮೆಲೆನೈತೆ ಮುಂದೆ ಬಂದು ಲಾವಿನಿಯಾಳ ಕೈಗೆ ಹಗ್ಗ ಇಟ್ಟಳು. "ಅತ್ತಿಗೇ, ಇದು ನನ್ನ ಕಡೆಯಿಂದ. ನನ್ನ ಮಗಳ ಮೊದಲ ವರ್ಷ. ಸಣಕಲು ಹಂದಿ ಇಟ್ಟರು ಅಂತ ನಾಳೆ ಯಾರೂ ಆಡ್ಕೋಬಾರದು ನೋಡಿ." ಗಂಡನ ಪಕ್ಕ ಹಾಯುವಾಗ ದನಿ ತಗ್ಗಿಸಿದಳು: "ನಾಳೆ ಹೆಪಿಸಿಪಾನೂ ಯಾರದೋ ಅಕ್ಕ ಆಗ್ತಾಳೆ ರೀ. ಅವಳ ಹೊತ್ತಿಗೆ ಪದ್ಧತಿ ಉಳೀಬೇಡ್ವಾ?"

ಲಾವಿನಿಯಾ ಜನರಲ್‌ನ ಬೆನ್ನು ಸವರಿದಳು. "ದೇವರು ಉಳಿಸಿಕೊಟ್ಟ ಜೀವ, ಕಡಿಯೋದು ಬೇಡ. ಮುಂದಿನ ತಿಂಗಳು ಪ್ರದರ್ಶನಕ್ಕೆ ಕರ್ಕೊಂಡು ಹೋಗ್ತೀನಿ. ರಿಬ್ಬನ್ ಬಂದ್ರೆ ನಮ್ಮನೆ ಗೋಡೆಗೆ ಚೆನ್ನಾಗಿರತ್ತೆ. ಅಲ್ಲೀತನಕ ದಿನಾ ಬಂದು ಸ್ನಾನ ಮಾಡಿಸು ಮನಾಸೆ. ಅವತ್ತು ತೊಳೆದು ನಿಲ್ಲಿಸೋಕೂ ನೀನೇ ಬಾ. ನಿನಗೆ ಅಗಲ ಭುಜ ಇದೆಯಂತಲ್ಲ, ಮೆಲೆನೈತೆ ಹೇಳಿದ್ಲು. ಮಹಾರಾಜರ ಮುಂದೆ ಹಗ್ಗ ನಾನು ಹಿಡೀತೀನಿ."

"ಆಗಲಿ ಅಕ್ಕಾ," ಎಂದಿತು ಹಾಲುಗಲ್ಲದ ದನಿ.

ಎರಡು ಹಂದಿಗಳೊಡನೆ ಹೊರಟು ನಿಂತ ಲಾವಿನಿಯಾ ಕೊಟ್ಟಿಗೆಯ ಕಡೆ ತಿರುಗಿದಳು. "ಅಂದಹಾಗೆ ತಮ್ಮಾ, ಆ ಎಂಟು ಮರಿಗಳು ಹುಷಾರಾಗಿವೆಯಾ? ಡಿಸೆಂಬರಿಗೆ ನನ್ನ ಮಗನ ಮದುವೆ."

ಮನಾಸೆ ಬಾಯಿ ತೆರೆದ. ಹುಷಾರಾಗಿವೆ ಎಂದರೆ ಮದುವೆ. ಹುಷಾರಿಲ್ಲ ಎಂದರೆ ಪ್ರಾರ್ಥನೆ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು, ಜನರಲ್‌ಗೆ ಸ್ನಾನ ಮಾಡಿಸಲು ಬಕೆಟ್ಟು ಹುಡುಕತೊಡಗಿದ.